ಗುಟ್ಟಿನ ಹಡಗಿಗೆ ಏಲಕ್ಕಿ ಹಾರ

ಬ್ಯಾಡಗಿ
ಫೆಬ್ರುವರಿ ೫, ಗುರುವಾರ

ತಮ್ಮ ಬುಡನಸಾಬನಿಗೆ ಅಕ್ಕ ಹಸೀನಾಬಿಯ ದುವಾ.

ನಿನಗಿಂತ ಮೊದಲು ಹುಟ್ಟಿದ ತಪ್ಪಿಗೆ ದುವಾ ಬರೆಯಬೇಕು, ಬರೆದಿದ್ದೇನೆ. ಕೆಳಗಿರುವುದು ದುವಾ ಅಲ್ಲ. ಇದನ್ನು ಅಂಗಡಿಯಲ್ಲಿ ಓದಬೇಡ, ಮನೆಗೆ ಹೋಗಿ ಓದು. ಜೋರಾಗಿ ಓದಬೇಡ. ನಿನ್ನ ಹೆಂಡತಿ ಕೈಸರಳಿಗೆ ಬೇಕಾದರೆ ತೋರಿಸು, ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆ.

ಫೋನಿರುವಾಗ ಆಪಾ ಕಾಗದ ಯಾಕೆ ಬರೆದಳು ಅನ್ನುತ್ತೀ. ನಿನಗೆ ಫೋನ್ ಮಾಡಿದರೆ ಸ್ಪೀಕರ್ ಹಾಕಿ ಪಕ್ಕಕ್ಕಿಟ್ಟು ಹಾರ ಪೋಣಿಸುತ್ತಾ ಕೂಡುತ್ತೀ. ಹೋದ ವರ್ಷ ನನ್ನ ಮೂಲವ್ಯಾಧಿಯ ಸುದ್ದಿಯನ್ನು ನಿನಗೊಬ್ಬನಿಗೆ ಹೇಳಿದ್ದೆ. ಸಂಜೆಯೊಳಗೆ ಹಾವೇರಿಯಿಂದ ನನಗೆ ಗುರುತೇ ಇಲ್ಲದ ಗಂಡಸರು ಔಷಧ ಹೇಳಿ ಕಳಿಸಿದರು. ಕಾಗದಕ್ಕೆ ಸ್ಪೀಕರ್ ಇಲ್ಲ. ಕರ್ಜಗಿಯ ಸಾಲಿಯಲ್ಲಿ ನಾಲ್ಕನೆಯ ಇಯತ್ತೆಯ ತನಕ ಕಲಿತ ಕನ್ನಡ ಇದು, ತಪ್ಪಿದ್ದರೆ ಹೊಂದಿಸಿಕೋ. ಉರ್ದು ನನ್ನ ಬಾಯಲ್ಲಿದೆ, ಕೈಗೆ ಇಳಿಯಲಿಲ್ಲ.

ಈಗ ನಿನ್ನ ಸಬ್‌ಮರೀನಿನ ವಿಷಯ.

ಅದನ್ನು ನಾನು ಮೊದಲು ನೋಡಿದ್ದು ಮೆಣಸಿನಕಾಯಿ ರಾಶಿಯ ನಡುವೆ. ಜರೀನಾ ಬುತ್ತಿ ಮರೆತು ಹೋಗಿದ್ದಳು. ಸುಗ್ಗಿಯಲ್ಲಿ ನನ್ನ ಮಗಳು ದಿನವಿಡೀ ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುತ್ತಾಳೆಂದು ನಿನಗೆ ಗೊತ್ತು. ನಾನು ಸೀನುತ್ತಾ ಒಳಗೆ ಹೋದರೆ, ಸಾಲಾಗಿ ಕುಳಿತ ಹೆಂಗಸರ ನಡುವೆ ಒಂದು ಚೀಲಕ್ಕೆ ಫೋನ್ ಒರಗಿಸಿದ್ದಾರೆ, ಅದರಲ್ಲಿ ನಿನ್ನ ಮುಖ. ಹಿಂದೆ ಯುದ್ಧದ ಹಾಗೆ ಢಂ ಢಂ ಸಪ್ಪಳ. ಅದನ್ನು ನಿನ್ನ ಪಕ್ಕದ ಮೊಬೈಲ್ ಅಂಗಡಿಯ ಫಕ್ಕೀರೇಶ ಜೋಡಿಸಿರಬೇಕು, ಅವನಿಗೂ ಗಿರಾಕಿ ಕಡಿಮೆ.

“ಸಲಾಂರಿ, ನಮಸ್ಕಾರ್ರಿ. ನಾ ಹಾವೇರಿ ಏಲಕ್ಕಿ ಹಾರದ ಬುಡನಸಾಬ. ದೇಶದಾಗ ಯಾರಿಗೂ ಗೊತ್ತಿಲ್ಲದ ಮಾತ ಇವತ್ತ ಹೇಳಾಕತ್ತೇನಿ, ಕಿವಿ ತಗದ ಕೇಳ್ರಿ” ಎಂದು ಶುರು ಮಾಡಿದೆ. ಹೆಂಗಸರ ಕೈ ನಿಂತಿತು. ನನ್ನ ಪಕ್ಕದ ಮನೆಯ ಮೈಲವ್ವ ತಲೆ ಎತ್ತಿ ನನ್ನನ್ನು ಕೇಳಿದಳು: “ಹಸೀನಾಬಿ, ನಿನ್ನ ತಮ್ಮ ಮಿಲಿಟ್ರ್ಯಾಗ ಅದಾನೇನ?”

“ಇಲ್ಲವ್ವ, ಏಲಕ್ಕ್ಯಾಗ ಅದಾನ” ಅಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಕಾರವಾರದ ಕಡೆ ಸಮುದ್ರದ ಅಡಿಯಲ್ಲಿ ಹೋಗುವ ಹೊಸ ಹಡಗು ತಯಾರಾಗಿದೆ ಅಂದೆ. ಅದಕ್ಕೆ ಸಪ್ಪಳವೇ ಇಲ್ಲವಂತೆ. ಅದರ ಮೈ ಕಬ್ಬಿಣದ್ದಲ್ಲವಂತೆ, ಹಾಗಾಗಿ ವೈರಿಗಳ ಯಾವ ಯಂತ್ರಕ್ಕೂ ಸಿಗುವುದಿಲ್ಲವಂತೆ. ಮೇಲೆ ಬರದೆ ಮೀನಿನ ಹಾಗೆ ನೀರಿನಿಂದಲೇ ಉಸಿರು ತೆಗೆದುಕೊಂಡು ತಿಂಗಳುಗಟ್ಟಲೆ ಒಳಗೇ ಇರುತ್ತದಂತೆ. ದೊಡ್ಡ ದೊಡ್ಡ ದೇಶಗಳಿಗೆ ಇದರ ಸುಳಿವಿಲ್ಲವಂತೆ. ನಿನಗೆ ಮಾತ್ರ ಸಿಕ್ಕಿತು. ಹೇಗೆ ಸಿಕ್ಕಿತು? ಒಂದು ಹಾರದ ಆರ್ಡರಿನಿಂದ.

ಸಂಕ್ರಮಣ ಕಳೆದ ಮೇಲೆ ಯಾರೋ ಒಬ್ಬ ಹುಡುಗ ಕಾರವಾರದಿಂದ ಫೋನ್ ಮಾಡಿ ಎರಡು ಸಾದಾ ಹಾರ, ಜೊತೆಗೆ ಆಳೆತ್ತರದ ಏಲಕ್ಕಿ ಸರಗಳು ಬಹಳಷ್ಟು ಬೇಕು ಅಂದ. ಜರಿ ಬೇಡ, ಮಣಿ ಬೇಡ, ತಂತಿ ಬೇಡ, ಬರೀ ಏಲಕ್ಕಿ ಬರೀ ನೂಲು ಅಂದ. ಯಾರಿಗೂ ಹೇಳಬೇಡಿ, ಫೋಟೋ ತೆಗೆಯಬೇಡಿ ಅಂದ. ಬೇರೆ ಯಾರೇ ಆಗಿದ್ದರೂ ಪೋಣಿಸಿ ಕಳಿಸಿ ಮರೆಯುತ್ತಿದ್ದರು. ನೀನು ಸರಗಳನ್ನೆಲ್ಲ ಒಂದರ ತುದಿಗೊಂದು ಹಚ್ಚಿ ನೆಲಕ್ಕೆ ಹಾಸಿದೆ. ಅದು ನಿನ್ನ ಅಂಗಡಿ ದಾಟಿ ಚಹಾದಂಗಡಿಯ ಬಾಗಿಲಿಗೆ ಮುಟ್ಟಿತು. ಇದು ಮನುಷ್ಯನ ಕುತ್ತಿಗೆಯಲ್ಲ, ಹಡಗಿನ ಮೂತಿಯ ಸುತ್ತಳತೆ ಎಂದು ಅಲ್ಲೇ ತೀರ್ಮಾನಿಸಿದೆ. ಜರಿ ಯಾಕೆ ಬೇಡ ಅಂದರೆ, “ಲೋಹದ್ದು ಒಂದ ಎಳಿ ಇದ್ರೂ ವೈರಿ ಮಷೀನಿಗೆ ಗೊತ್ತಾಕ್ಕೈತಿ ನೋಡ್ರಿ.” ಎರಡು ಸಣ್ಣ ಹಾರ ಕ್ಯಾಪ್ಟನ್‌ಗೊಂದು, ಅವನ ಕೈಕೆಳಗಿನವನಿಗೊಂದು.

ಹಾರ ನೋಡಿ ಕುತ್ತಿಗೆ ಹೇಳುವ ಮನೆತನ ನಮ್ಮದು, ಒಪ್ಪುತ್ತೇನೆ. ಎಷ್ಟು ಎಳೆ, ಎಂಥ ಗೊಂಡೆ ಎಂದು ಕೇಳಿದರೆ ಸಾಕು, ಇದು ಮಂತ್ರಿಗೋ ಮದುಮಗನಿಗೋ ಸ್ವಾಮಿಗಳಿಗೋ ಎಂದು ಅಬ್ಬಾ ಹೇಳುತ್ತಿದ್ದರು. ಒಮ್ಮೆಯೂ ತಪ್ಪಲಿಲ್ಲ. ಆದರೆ ಅಬ್ಬಾ ಕುತ್ತಿಗೆಯ ತನಕ ಹೋಗಿ ನಿಲ್ಲುತ್ತಿದ್ದರು. ನೀನು ಸಮುದ್ರದ ಅಡಿಗೆ ಇಳಿದೆ.

ಮಾರಾಯ, ಗುಟ್ಟಿನ ಹಡಗು ಕಟ್ಟುವವರು ಅದರ ಮೂತಿಯ ಅಳತೆಯನ್ನು ಹಾವೇರಿಯ ಹಾರದಂಗಡಿಗೆ ಫೋನಿನಲ್ಲಿ ಹೇಳುತ್ತಾರೆಯೇ? ನೀರಿನಡಿ ಹೋಗುವುದಕ್ಕೆ ಏಲಕ್ಕಿ ಹಾಕಿದರೆ ಅದು ನೆನೆದು ಉಬ್ಬಿ ಕೊಳೆಯುವುದಿಲ್ಲವೇ? ಇದನ್ನು ಕೈಸರ ಮೊದಲ ದಿನವೇ ಕೇಳಿದಳಂತೆ. “ನಿನಗ ದೇಶದ ವಿಚಾರ ತಿಳಿಯೂದಿಲ್ಲ, ಸುಮ್ಮನಿರು” ಅಂದೆಯಂತೆ. ಅವಳಿಗೆ ಏಲಕ್ಕಿಯ ವಿಚಾರ ತಿಳಿಯುತ್ತದೆ, ಅಷ್ಟೇ ಸಾಕಿತ್ತು.

ವಿಡಿಯೋ ಮಾಡುವ ಮೊದಲು ನನ್ನ ಮನೆಗೂ ಬಂದಿದ್ದೆ. ನೆನಪಿದೆಯೇ? ಚಹಾ ಕೂಡ ಕುಡಿಯದೆ ಬಚ್ಚಲಿನಿಂದ ಬಕೆಟ್ಟು ತಂದು, ಅಡುಗೆಮನೆಯಿಂದ ನನ್ನ ಲಟ್ಟಣಿಗೆ ತಂದು, “ಆಪಾ, ಇದು ಸಬ್‌ಮರೀನ್ ಅಂತ ತಿಳಕೋ” ಅಂದೆ. ಲಟ್ಟಣಿಗೆಯನ್ನು ನೀರಿಗೆ ಒತ್ತಿ ಹಿಡಿದೆ. ಕೈ ಬಿಟ್ಟಾಗಲೆಲ್ಲ ಅದು ಮೇಲೆ ಬಂತು. ಮತ್ತೆ ಒತ್ತಿದೆ, ಮತ್ತೆ ಬಂತು. ನಿನ್ನ ತೋಳೆಲ್ಲ ತೊಯ್ದಿತು. “ಖರೇ ಸಬ್‌ಮರೀನ್ ಹಿಂಗ ಮಾಡೂದಿಲ್ಲ” ಎಂದು ಲಟ್ಟಣಿಗೆಯ ಮೇಲೆ ಸಿಟ್ಟು ಮಾಡಿದೆ. ಅಂದೇ ನಾನು ಬಾಯಿ ತೆರೆದು ಒಂದು ಮಾತು ಹೇಳಿಬಿಟ್ಟಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ. ಹೇಳಲಿಲ್ಲ. ಯಾಕೆ ಅಂತ ಈಗ ಕೇಳಬೇಡ. ಬರೀ ಫಕ್ಕೀರೇಶನಿಗೆ ಹೇಳಿ ಸುಮ್ಮನಾಗುತ್ತೀ ಅಂದುಕೊಂಡೆ. ಅವನು ಕ್ಯಾಮರಾ ಹಿಡಿಯುತ್ತಾನೆಂದು ನನಗೇನು ಗೊತ್ತು.

ಮಾತಿನಲ್ಲಿ ಎಷ್ಟು ದೊಡ್ಡದು ಮಾಡಿದರೂ ಜನ ನಕ್ಕು ಬಿಡುತ್ತಾರೆ. ಆದರೆ ನೀನು ವಿಡಿಯೋದ ಕೊನೆಗೆ ಪೊಟ್ಟಣವನ್ನು ಎತ್ತಿ ತೋರಿಸಿದೆ. “ಇದು ಯಾರಿಗೆ ಹೊಂಟೈತಿ ಅಂತ ನಾ ಸತ್ತರೂ ಹೇಳೂದಿಲ್ಲರಿ” ಅಂದೆ. ಅದೇ ಹೊತ್ತಿಗೆ ಪೊಟ್ಟಣದ ಮೇಲೆ ನೀನೇ ದಪ್ಪ ಅಕ್ಷರದಲ್ಲಿ ಬರೆದ ಹೆಸರು, ಓಣಿ, ಫೋನ್ ನಂಬರು, ಊರು ಎಲ್ಲ ಕಾಣುತ್ತಿತ್ತು. ಮೈಲವ್ವನಿಗೆ ಅಕ್ಷರ ಬರುವುದಿಲ್ಲ, ಅವಳು ಪಕ್ಕದವಳ ಕೈಲಿ ಓದಿಸಿಕೊಂಡಳು. ಜಾವೇದ, ಕಾರವಾರ. ಬಾಯಿಗೆ ಬೀಗ ಹಾಕಿ ಬೀಗದ ಕೈಯನ್ನು ಬಾಗಿಲಿಗೇ ತೂಗುಹಾಕಿದ ಹಾಗಾಯಿತು.

ಮೊನ್ನೆ ಹೇಮಪ್ಪ ಬಂದಿದ್ದ. ನಮ್ಮ ಓಣಿಯಲ್ಲೇ ಬಾಡಿಗೆಗೆ ಇರುವ, ಹಾವೇರಿ ಠಾಣೆಯ ಪೊಲೀಸ, ಹನುಮಪ್ಪನ ಗುಡಿಯಿರುವ ಕದರಮಂಡಲಗಿಯವನು. ಡ್ರೆಸ್ಸಿನಲ್ಲಿರಲಿಲ್ಲ, ಪುಣ್ಯ. ಕಟ್ಟೆಯ ಮೇಲೆ ಕುಳಿತು ನೀರು ಕುಡಿದು ಹೇಳಿದ: “ಅಜ್ಜಿ, ಕಾರವಾರದಿಂದ ನಮಗ ಫೋನ್ ಬಂದೈತಿ. ನಿಮ್ಮ ತಮ್ಮ ಯಾರು ಎಂಥಾವರು ಅಂತ ಕೇಳಾಕತ್ತಾರ. ನಾ ನಿನ್ನೆ ಅಂಗಡಿಗೆ ಹೋಗಿ ಅವರನ್ನ ಸೀದಾ ಕೇಳಿದೆ.”

“ಏನಂದಾ?”

“ಒಂದ ಸಬ್‌ಮರೀನ್ ಕೇಳಾಕ ಹೋದ್ರ ಇನ್ನೂ ಎರಡ ಹೇಳಿ ಕಳಿಸಿದ್ರು. ಅದರಾಗ ಒಂದು ಹಾರತೈತಂತ.” ಆಮೇಲೆ ತಲೆ ಕೆರೆದುಕೊಂಡು, “ನಮ್ಮೂರ ಹನುಮಪ್ಪ ಸಮುದ್ರ ಹಾರಿದಾಂವ ಖರೇ. ಆದ್ರ ಅವನೂ ಯಾರಿಗೂ ಅಳತಿ ಹೇಳಿಲ್ಲ” ಅಂದ.

ಅವನು ಒಳ್ಳೆಯವ, ನಗಿಸಿ ಹೇಳಿದ. ಹೇಳಿದ್ದು ನಗುವ ಮಾತಲ್ಲ. ಪೊಟ್ಟಣದ ಮೇಲೆ ಹೆಸರಿದ್ದ ಆ ಹುಡುಗ ನೌಕಾನೆಲೆಯ ಒಳಗೆ ಹೋಗಿ ಕೆಲಸ ಮಾಡುವವನು. ಅವನ ಪಾಸನ್ನು ತಡೆಹಿಡಿದಿದ್ದಾರೆ. ಪಾಸ್ ಇಲ್ಲದೆ ಗೇಟು ದಾಟುವ ಹಾಗಿಲ್ಲ. ಹೊರಗಿನವರಿಗೆ ಏನೇನು ಹೇಳಿದ್ದೀ ಎಂದು ಅವನನ್ನು ದಿನಾ ಕೂರಿಸಿ ಕೇಳುತ್ತಾರಂತೆ. ನಿನ್ನ ಹಾರದ ಪೊಟ್ಟಣ ಅಲ್ಲಿ ಒಬ್ಬ ಸಾಹೇಬರ ಮೇಜಿನ ಮೇಲೆ ಬಿಚ್ಚದೆ ಕುಳಿತಿದೆ. ಅವರ ಕೋಣೆಯೆಲ್ಲ ಏಲಕ್ಕಿ ಘಮಘಮ ಅನ್ನುತ್ತದಂತೆ.

ಅವರನ್ನು ನಾನು ಬಯ್ಯುವುದಿಲ್ಲ. ಬಾಗಿಲು ಕಾಯುವವರು ಕೇಳಬೇಕಾದದ್ದನ್ನೇ ಕೇಳುತ್ತಿದ್ದಾರೆ. ಆ ಹುಡುಗ ಒಳಗೆ ಹೋಗುವುದು ಯಾತಕ್ಕೆ ಗೊತ್ತೇ? ಹಡಗುಗಳ ಅಡುಗೆಮನೆಯ ಫ್ರಿಜ್ಜು ರಿಪೇರಿಗೆ. ಅವನೇ ಫೋನಿನಲ್ಲಿ ಹೇಳಿದ: “ಅಜ್ಜಿ, ನಾ ಇವತ್ತಿನ ತನಕ ಒಂದ ಸಬ್‌ಮರೀನೂ ಕಣ್ಣಿಲೆ ನೋಡಿಲ್ಲ. ಕಾಯಿಪಲ್ಯಾ ಇಡೂ ಡಬ್ಬಿ ತಣ್ಣಗ ಮಾಡಿ ಹೊರಗ ಬರತೇನಿ. ಆ ಹಾರಕ್ಕೂ ನಿನ್ನ ಫ್ರಿಜ್ಜಿಗೂ ಏನ ಸಂಬಂಧ ಅಂತ ಕೇಳಿದ್ರ ನಾ ಏನ ಹೇಳ್ಲಿ?”

ಯಾರೋ ಕಾರವಾರದ ಹುಡುಗ ಹಸೀನಾಬಿಗೆ ಯಾಕೆ ಅಜ್ಜಿ ಅನ್ನುತ್ತಾನೆ ಎಂದು ಈಗ ಹುಬ್ಬು ಏರಿಸುತ್ತೀ. ಏರಿಸು. ಹೇಳುತ್ತೇನೆ.

ನಮ್ಮ ಹುಮಾಳ ನಿಕಾಹ್ ಗೊತ್ತಾಗಿದೆ. ಜರೀನಾಳ ಮಗಳು, ನನ್ನ ಮೊಮ್ಮಗಳು, ನಿನ್ನ ಹೆಗಲ ಮೇಲೆ ಬೆಳೆದ ಹುಮಾ. ಬರುವ ವಾರದಾಚೆಯ ಭಾನುವಾರ, ರಂಜಾನು ಹತ್ತುವ ಮೊದಲು, ರಾಣೆಬೆನ್ನೂರಿನಲ್ಲಿ. ಹುಡುಗ ಜಾವೇದ. ಅವನ ತಾಯಿ ರಾಣೆಬೆನ್ನೂರಿನವರು. ಹುಮಾ ಕೆಲಸ ಮಾಡುವ ಲ್ಯಾಬಿಗೆ ಸಕ್ಕರೆ ಪರೀಕ್ಷೆಗೆ ಹೋಗುತ್ತಿದ್ದರು. ಈ ಹುಡುಗಿ ರಕ್ತ ತೆಗೆದರೆ ಸೂಜಿ ಚುಚ್ಚಿದ್ದೇ ತಿಳಿಯುವುದಿಲ್ಲ, ಇಂಥ ಕೈ ನಮ್ಮ ಮನೆಗೆ ಬರಲಿ ಎಂದು ಅವರೇ ಕೇಳಿಕೊಂಡು ಬಂದರು. ಆ ಹದ ಬರದೆ ಏನು, ಸೂಜಿ ಹಿಡಿದು ಬದುಕಿದ ಮನೆತನದ ಕೈ. ಆ ಎರಡು ಸಾದಾ ಹಾರ ಹುಮಾ, ಜಾವೇದ ಇಬ್ಬರಿಗೆ. ನಿನ್ನ ಕ್ಯಾಪ್ಟನ್ ಯಾರು, ಕೈಕೆಳಗಿನವನು ಯಾರು ಈಗ ತಿಳಿಯಿತಲ್ಲ? ಯಾರ ಕೈಕೆಳಗೆ ಯಾರು ಅನ್ನುವುದನ್ನು ಅವರೇ ಮುಂದೆ ತೀರ್ಮಾನಿಸಿಕೊಳ್ಳಲಿ.

ನಿನಗೆ ಯಾಕೆ ಹೇಳಲಿಲ್ಲ ಎಂದು ಸಿಟ್ಟು ಬಂದಿದೆ. ಬರಲಿ. ಹೋದ ವರ್ಷ ಹಾನಗಲ್ಲಿನವರು ಹುಡುಗಿ ನೋಡಲು ಬಂದಾಗ ಏನು ಮಾಡಿದೆ? ನಾನು ಒಳಗೆ ಚಹಾ ಸೋಸುತ್ತಿದ್ದೆ. ಹೊರಗೆ ನೀನು, “ನಮ್ಮ ಹುಡುಗಿ ಡಾಕ್ಟರ್ ಇದ್ದಂಗರಿ. ಇದ್ದಂಗ ಏನು, ಡಾಕ್ಟರೇ” ಅಂದೆ. ಅವರು ಊರಿಗೆ ಹೋಗಿ ವಿಚಾರಿಸಿದರು. ಲ್ಯಾಬಿನ ಹುಡುಗಿಯನ್ನು ಡಾಕ್ಟರ್ ಅಂದವರು ಇನ್ನೇನೇನು ಮುಚ್ಚಿಟ್ಟಿದ್ದಾರೋ ಎಂದು ಕೈಬಿಟ್ಟರು. ಹುಮಾ ಮರುದಿನ ಎಂದಿನಂತೆ ಲ್ಯಾಬಿಗೆ ಹೋದಳು. ನಿನ್ನ ಮೇಲೆ ಸಿಟ್ಟೂ ಮಾಡಲಿಲ್ಲ. ನೀನು ಸುಳ್ಳುಗಾರನಲ್ಲ ಬುಡನ್, ಅದು ನನಗೆ ಗೊತ್ತು. ಪ್ರೀತಿಯ ಮೇಲೆ ಹೇಳುತ್ತೀ. ಆದರೆ ಒಂದೆಳೆಯ ಮಾತನ್ನು ನಿನಗೆ ಕೊಟ್ಟರೆ ಐದೆಳೆ ಮಾಡಿ, ಗೊಂಡೆ ಕಟ್ಟಿ, ಜರಿ ಸುತ್ತಿ ಊರ ಕುತ್ತಿಗೆಗೆ ಹಾಕುತ್ತೀ. ಅದಕ್ಕೆ ಈ ಸಲ ಕೊನೆಯ ದಿನದ ತನಕ ನಿನಗೆ ಹೇಳಬಾರದು ಎಂದು ನಾನೇ ಕಟ್ಟು ಮಾಡಿದೆ. ಜರೀನಾ ಬೇಡವೆಂದು ಅತ್ತಳು. ನಾನು ಕೇಳಲಿಲ್ಲ.

ಹೇಳದೆ ಇದ್ದರೂ ನೀನು ಬಂದು ಮುಟ್ಟಿದೆಯಲ್ಲ, ಅದೂ ಸಮುದ್ರದ ಅಡಿಯಿಂದ.

ನಿನ್ನೆ ರಾಣೆಬೆನ್ನೂರಿಗೆ ಹೋಗಿದ್ದೆ. ಜಾವೇದನ ತಾಯಿ ಕುರ್ಚಿ ಹಾಕಿದರು, ಷರಬತ್ತು ಕೊಟ್ಟರು, ಎಲ್ಲ ಮರ್ಯಾದೆ ಮಾಡಿದರು. ಆಮೇಲೆ ಅಂದರು: “ಹುಡುಗಿ ಮ್ಯಾಲೆ ನನಗ ಸಿಟ್ಟಿಲ್ಲರಿ ಹಸೀನಾಬಿ. ಆದ್ರ ಮದುವಿಗೆ ಮೊದಲ ನನ್ನ ಮಗನ ಪಾಸ್ ಕಳದ ಬೀಗರು, ಮದುವಿ ಆದ ಮ್ಯಾಲೆ ಇನ್ನೇನ ಕಳೀತೀರಿ?” ನನ್ನ ಬಾಯಿ ನಿನಗೆ ಗೊತ್ತು. ಅಂಥ ನಾನು ಷರಬತ್ತಿನ ಲೋಟ ಕೆಳಗಿಟ್ಟು ಸೆರಗು ಸರಿಮಾಡಿಕೊಂಡೆ.  ಬರುವ ವಾರದ ಶುಕ್ರವಾರ, ಜುಮ್ಮಾದೊಳಗೆ ಹುಡುಗನ ಪಾಸಿನ ಗೊಂದಲ ಮುಗಿಯದಿದ್ದರೆ ನಿಕಾಹ್ ಮುಂದಕ್ಕೆ ಹೋಗುತ್ತದೆ ಅಂದರು. ಮುಂದಕ್ಕೆ ಅಂದರೆ ಇಲ್ಲ ಅಂತಲೇ. ಅದು ನಿನಗೂ ತಿಳಿಯುತ್ತದೆ, ನನಗೂ ತಿಳಿಯುತ್ತದೆ. ಎರಡನೆಯ ಸಲ ಮುರಿದರೆ ಆ ಹುಡುಗಿ ಮತ್ತೆ ಒಪ್ಪುವುದಿಲ್ಲ.

ಇನ್ನು ನೀನು ಮಾಡಬೇಕಾದದ್ದು. ಈ ಕಾಗದ ಓದಿದ ಕೂಡಲೇ ಆ ವಿಡಿಯೋ ತೆಗೆಸು. ಫಕ್ಕೀರೇಶ ಅದನ್ನು ಬಹಳ ಮಂದಿ ನೋಡಿದ್ದಾರೆ, ಇರಲಿ ಅಂತಾನೆ. ನೋಡಿದವರು ಯಾರೂ ಹುಮಾಳ ಮದುವೆಗೆ ಅಕ್ಕಿ ತರುವುದಿಲ್ಲ ಎಂದು ಹೇಳು. ಆಮೇಲೆ ಹೇಮಪ್ಪನ ಜೊತೆ ಠಾಣೆಗೆ ಹೋಗು. ಅವನಿಗೆ ಹೇಳಿಟ್ಟಿದ್ದೇನೆ. ನನಗೆ ಯಾರೂ ಯಾವ ಗುಟ್ಟೂ ಹೇಳಿಲ್ಲ, ನಾನು ಹಾರ ನೋಡಿ ಊಹೆ ಮಾಡಿದೆ, ಹುಡುಗನ ತಪ್ಪಿಲ್ಲ ಎಂದು ನಿನ್ನ ಕೈಯಾರೆ ಬರೆದುಕೊಡು. ಇಷ್ಟೇ ಬರೆ. ಕೆಳಗೆ ಇನ್ನೊಂದು ಹಡಗಿನ ಸುದ್ದಿ ಸೇರಿಸಬೇಡ. ಹಾರುವುದನ್ನಂತೂ ಬೇಡವೇ ಬೇಡ. ನೀನು ಬರೆದುಕೊಟ್ಟದ್ದು ಕಾರವಾರಕ್ಕೆ ಮುಟ್ಟಿದರೆ ಪಾಸ್ ವಾಪಸ್ ಬರುತ್ತದೆ, ಹಾರದ ಪೊಟ್ಟಣವನ್ನೂ ಬಿಡುತ್ತಾರೆ ಎಂದು ಹೇಮಪ್ಪ ಧೈರ್ಯ ಹೇಳಿದ್ದಾನೆ. ಆಮೇಲೆ ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿಗೆ ಬಾ, ನಾನೂ ಬರುತ್ತೇನೆ. ಜಾವೇದನ ತಾಯಿಯ ಮುಂದೆ ನೀನು ತಪ್ಪಾಯಿತು ಅನ್ನಬೇಕು. ನಾನು ಪಕ್ಕದಲ್ಲಿ ನಿಲ್ಲುತ್ತೇನೆ. ನೀನು ಎರಡನೆಯ ಮಾತಿಗೆ ಬಾಯಿ ತೆರೆದರೆ ಕಾಲು ತುಳಿಯುತ್ತೇನೆ.

ಅಕ್ಕ ನನ್ನನ್ನು ಇಷ್ಟು ದಿನ ಹೊರಗಿಟ್ಟಳು, ಈಗ ಕೆಲಸಕ್ಕೆ ಕರೆಯುತ್ತಾಳೆ ಅಂದುಕೊಳ್ಳಬೇಡ. ಹುಮಾ ನಿನ್ನೆ ಏನು ಅಂದಳು ಕೇಳು. ನಿಕಾಹ್‌ನಲ್ಲಿ ಹುಡುಗಿಯ ಕಡೆಯ ವಕೀಲ ಯಾರಾಗಲಿ ಎಂಬ ಮಾತು ಬಂತು. ಹೆಣ್ಣಿನ ಹತ್ತಿರ ಹೋಗಿ ಒಪ್ಪಿಗೆ ಕೇಳಿ, ಮಂದಿಯ ಮುಂದೆ ಬಂದು ಸಾರಿ ಹೇಳುವವನು. ಅವಳಪ್ಪ ಇಲ್ಲ. ಚಿಕ್ಕಪ್ಪಂದಿರಲ್ಲಿ ಒಬ್ಬರನ್ನು ಮಾಡೋಣ ಅಂದೆ, ಮಾತು ಕಡಿಮೆ ಆಡುವವರು ಇದ್ದಾರೆ. ಹುಮಾ ಬಟ್ಟೆ ಮಡಚುತ್ತಿದ್ದವಳು ಮುಖ ಕೂಡ ಎತ್ತಲಿಲ್ಲ. “ಬುಡನ್ ನಾನಾ ಬಂದ್ ಕೇಳಿದ್ರ ಕಬೂಲ್ ಅಂತೇನಿ. ಬ್ಯಾರೆ ಯಾರ ಕೇಳಿದ್ರೂ ಸುಮ್ಮನ ಕುಂದ್ರತೇನಿ” ಅಂದಳು. ಹಾನಗಲ್ಲಿನ ಕಥೆ ನೆನಪಿಸಿದೆ. “ನಾನಾ ಒಬ್ಬರ ನನ್ನ ಡಾಕ್ಟರ್ ಅಂದಾರ ಅಜ್ಜಿ, ಅದಕ್ಕ ಅವರ ಬೇಕು” ಅಂದಳು. ಇವಳಿಗೆ ನಾನು ಏನು ಹೇಳಲಿ? ಒಬ್ಬನ ತಲೆ ಸಮುದ್ರದಲ್ಲಿ, ಒಬ್ಬಳ ತಲೆ ಅವನ ಹೆಗಲ ಮೇಲೆ.

ಬಿಳಿ ಪೈಜಾಮ ಒಗೆಸಿಡು. ಕೈಸರಳಿಗೆ ಸಲಾಮು ಹೇಳು. ಅವಳನ್ನು ಇನ್ನು ಮೇಲೆ ಸುಮ್ಮನಿರು ಅನ್ನಬೇಡ.

ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಇನ್ನೂ ಸಂಶಯಪಡುತ್ತಿರುವ ನಿನ್ನ ಅಕ್ಕ,
ಹಸೀನಾಬಿ

ತಾ.ಕ.: ಹಾರ ತರಿಸಿದ್ದು ಜಾವೇದ ಅಲ್ಲ, ನಾನು. ಏನು ಹೇಳಬೇಕೆಂದು ಒಂದೊಂದು ಮಾತೂ ಅವನಿಗೆ ಕಲಿಸಿ ಫೋನ್ ಮಾಡಿಸಿದೆ, ಕಾರವಾರಕ್ಕೆ ಕಳಿಸು ಅನ್ನಿಸಿದೆ. ಹಾವೇರಿಯಲ್ಲಿ ಹಾರ ಮಾಡುವವರು ಬೇರೆಯವರೂ ಇದ್ದಾರೆ. ನನಗೆ ನಿನ್ನ ಕೈ ಬೇಕಿತ್ತು, ಬಾಯಿ ಬೇಡವಾಗಿತ್ತು. ಎಲ್ಲವನ್ನೂ ಅಳೆದ ನಿನಗೆ ಇದು ಹೊಳೆಯಲಿಲ್ಲವಲ್ಲ ಎಂದೇ ನನಗೆ ಹೆಚ್ಚು ಸಿಟ್ಟು. ಜರಿ ತಾಗಿದರೆ ಹುಮಾಳ ಕುತ್ತಿಗೆಗೆ ಗಂಧೆ ಏಳುತ್ತದೆ. ಒಂದು ಈದಿನ ದಿನ ಜರಿ ಫ್ರಾಕು ತೊಡಿಸಿ, ನೀನೇ ಅವಳನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದ್ದೆ. ಆ ಉದ್ದ ಸರಗಳು ಹಡಗಿನ ಮೂತಿಗಲ್ಲ. ಹುಮಾ ಸಣ್ಣವಳಿದ್ದಾಗ ನಿನ್ನ ಅಂಗಡಿಯಲ್ಲಿ ಒಣಗಲು ಬಿಟ್ಟ ಸರಗಳ ಹಿಂದೆ ಹೋಗಿ ಕೂಡುತ್ತಿದ್ದಳು. ನೀನು ಹೊರಗೆ ನಿಂತು “ಒಳಗ ಯಾರ ಅದೀರಿ?” ಅನ್ನುತ್ತಿದ್ದೆ. “ಮದುಮಗಳು” ಅನ್ನುತ್ತಿದ್ದಳು. ನನ್ನ ಶಾದಿಗೆ ಇಂಥದ್ದೇ ಪರದಾ ಮಾಡಿಕೊಡು ಅಂದಿದ್ದಳು, ನೀನು ಹೂಂ ಅಂದಿದ್ದೆ. ಮಾಡಿಕೊಟ್ಟಿದ್ದೀ, ನಿನಗೇ ಗೊತ್ತಿಲ್ಲದ ಹಾಗೆ. ಭಾನುವಾರ ಅದರ ಹೊರಗೆ ನಿಂತು ಕೇಳಬೇಕಾದವನು ನೀನೇ. ಜೋರಾಗಿಯೇ ಕೇಳು. ಅವತ್ತು ಸ್ಪೀಕರ್ ಹಾಕಿದರೂ ನಾನೇನೂ ಅನ್ನುವುದಿಲ್ಲ.